ಡೇಟಾಬೇಸ್ ಪ್ರಶ್ನೋತ್ತರ: ಟೇಬಲ್ ಕೂಡಿತು, ಲೆಕ್ಕ ಕೂಡಲಿಲ್ಲ

ಹಲವು ಟೇಬಲ್‌ಗಳನ್ನು ಜೋಡಿಸಿ (ಜಾಯಿನ್) ಮಾಡಿದ ವ್ಯೂಗಳ (ಹೆಸರಿಟ್ಟು ಉಳಿಸಿದ ಕ್ವೆರಿಗಳ, ಅಂದರೆ ಡೇಟಾಬೇಸ್‌ಗೆ ಕೇಳುವ ಪ್ರಶ್ನೆಗಳ) ಬಗ್ಗೆ ಮಂಡ್ಯ, ಮೈಸೂರು ಕಡೆಯಿಂದ ಬಂದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಕೇಳಿದವರಲ್ಲಿ ಹೆಚ್ಚಿನವರು ಬಳಸುತ್ತಿರುವುದು ಮೈಎಸ್‌ಕ್ಯೂಎಲ್ ಡೇಟಾಬೇಸ್. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್‌ನಲ್ಲಿ ನಡೆಯುವ ರೀತಿ ಬೇರೆ ಇರುವ ಕಡೆ ಅದನ್ನೂ ಹೇಳಿದ್ದೇವೆ. ಕಮಾಂಡ್‌ಗಳ ಹೆಸರನ್ನು ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇವೆ.

ಪ್ರಶ್ನೆ: ನಮ್ಮೂರಿನ ಹಾಲಿನ ಡೇರಿ ಲೆಕ್ಕಕ್ಕೆ ‘ಸದಸ್ಯರು’, ‘ಹಾಲು’, ‘ಕಡಿತ’ ಅಂತ ಮೂರು ಟೇಬಲ್ ಇವೆ. ಮೂರನ್ನೂ ಸದಸ್ಯರ ನಂಬರಿನ ಮೇಲೆ ಲೆಫ್ಟ್ ಜಾಯಿನ್ ಮಾಡಿ (ಬಲಗಡೆ ಹೊಂದುವ ಸಾಲು ಇಲ್ಲದಿದ್ದರೂ ಎಡಗಡೆಯ ಸಾಲು ಉಳಿಯುವಂತೆ ಜೋಡಿಸಿ) ಬಟವಾಡೆಗೆ ಒಂದು ವ್ಯೂ ಮಾಡಿದ್ದೇನೆ. ಕೆಲವರ ಹಾಲಿನ ದುಡ್ಡು ಸರಿಯಾಗಿದೆ, ಕೆಲವರದು ಎರಡು ಪಟ್ಟು ಬರುತ್ತಿದೆ. ಕಡಿತ ಇರುವವರಿಗೆಲ್ಲ ಕಡಿತ ಸಾವಿರಗಟ್ಟಲೆ ಜಾಸ್ತಿ. ಡಿಸ್ಟಿಂಕ್ಟ್ ಹಾಕಿದರೆ ಹಾಲಿನ ದುಡ್ಡೇ ಕಡಿಮೆಯಾಗುತ್ತದೆ. ಎಲ್ಲಿ ತಪ್ಪಿದೆ?
— ಓದುಗರು, ಮದ್ದೂರು ತಾಲ್ಲೂಕು

ಉತ್ತರ: ಒಬ್ಬ ಸದಸ್ಯರನ್ನು ಹಿಡಿದು ಲೆಕ್ಕ ಹಾಕೋಣ. 15 ದಿನದ ಬಟವಾಡೆ, ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಅಂದರೆ ‘ಹಾಲು’ ಟೇಬಲ್‌ನಲ್ಲಿ ಅವರ ಹೆಸರಿಗೆ 30 ಸಾಲು. ಪ್ರತಿ ಸಲದ ಹಾಲಿಗೆ 175 ರೂಪಾಯಿ ಅಂದುಕೊಂಡರೆ ಒಟ್ಟು 5,250. ‘ಕಡಿತ’ದಲ್ಲಿ ಎರಡು ಸಾಲು: ಪಶು ಆಹಾರದ ಮೂಟೆಗೆ 1,200, ಸಾಲದ ಕಂತು 500, ಒಟ್ಟು 1,700. ಕೈಗೆ ಸಿಗಬೇಕಾದದ್ದು 3,550.

ಹಾಲಿನ ಸಾಲಿಗೂ ಕಡಿತದ ಸಾಲಿಗೂ ನೇರ ಸಂಬಂಧವೇ ಇಲ್ಲ. ಎರಡಕ್ಕೂ ಸಂಬಂಧ ಇರುವುದು ಸದಸ್ಯರ ಜೊತೆ. ಆದರೆ ಜಾಯಿನ್ ಮಾಡಿದಾಗ ಪ್ರತಿ ಹಾಲಿನ ಸಾಲಿಗೆ ಎರಡೆರಡು ಕಡಿತದ ಸಾಲು ಅಂಟಿಕೊಂಡು 60 ಸಾಲು ಹುಟ್ಟುತ್ತವೆ. ಹಾಲಿನ ಮೊತ್ತ ಎರಡು ಪಟ್ಟಾಗಿ 10,500. ಕಡಿತ ಮೂವತ್ತು ಪಟ್ಟಾಗಿ 51,000. ಕಡಿತ ಒಂದೇ ಇದ್ದವರಿಗೆ, ಇಲ್ಲವೇ ಇಲ್ಲದವರಿಗೆ ಹಾಲಿನ ಮೊತ್ತ ಸರಿಯಾಗಿಯೇ ಬರುತ್ತದೆ. ಅದಕ್ಕೇ ನಿಮಗೆ ಕೆಲವರದು ಸರಿ, ಕೆಲವರದು ತಪ್ಪು ಅಂತ ಕಾಣುತ್ತಿರುವುದು. ಪರೀಕ್ಷೆಗೆ ಕಡಿತ ಇಲ್ಲದ ಸದಸ್ಯರನ್ನೇ ಆರಿಸಿಕೊಂಡಿದ್ದರೆ ತಪ್ಪು ಇರುವುದೇ ಗೊತ್ತಾಗುತ್ತಿರಲಿಲ್ಲ.

ಡಿಸ್ಟಿಂಕ್ಟ್ ಇದಕ್ಕೆ ಔಷಧಿ ಅಲ್ಲ. ಮೊತ್ತದ ಮೇಲೆ ಡಿಸ್ಟಿಂಕ್ಟ್ ಹಾಕಿದರೆ ಸೋಮವಾರದ 175 ರೂಪಾಯಿ, ಮಂಗಳವಾರದ 175 ರೂಪಾಯಿ ಎರಡೂ ಒಂದೇ ಅಂತ ಎಣಿಸಿ ಒಂದನ್ನು ಬಿಟ್ಟುಬಿಡುತ್ತದೆ. ರೈತರಿಗೆ ನ್ಯಾಯವಾಗಿ ಸೇರಬೇಕಾದ ದುಡ್ಡು ಅಲ್ಲಿ ಕಾಣೆಯಾಗುತ್ತದೆ.

ತಪ್ಪಿನ ಜಾಗ ಹಿಡಿಯಲು ಒಬ್ಬರ ನಂಬರ್ ಇಟ್ಟುಕೊಂಡು ಟೇಬಲ್‌ಗಳನ್ನು ಒಂದೊಂದಾಗಿ ಸೇರಿಸುತ್ತಾ ಕೌಂಟ್ ನೋಡಿ. ‘ಸದಸ್ಯರು’ ಮಾತ್ರ ಇದ್ದಾಗ 1. ‘ಹಾಲು’ ಸೇರಿಸಿದರೆ 30. ‘ಕಡಿತ’ ಸೇರಿಸಿದರೆ 60. ಮೂವತ್ತು ಅರವತ್ತಾದ ಕಡೆಯೇ ತಪ್ಪು ಇದೆ. ವ್ಯೂ ಬರೆಯುವ ಮೊದಲು ಒಂದು ಸಾಲು ಯಾವುದಕ್ಕೆ ಅನ್ನುವುದನ್ನು ಒಂದು ವಾಕ್ಯದಲ್ಲಿ ಬರೆದುಕೊಳ್ಳಿ. ನಿಮ್ಮದರಲ್ಲಿ ‘ಒಬ್ಬ ಸದಸ್ಯರಿಗೆ ಒಂದು ಬಟವಾಡೆಗೆ ಒಂದು ಸಾಲು’. ಯಾವ ಟೇಬಲ್ ಸೇರಿಸಿದಾಗ ಈ ಮಾತು ಸುಳ್ಳಾಗುತ್ತದೋ ಆ ಟೇಬಲನ್ನು ಮೊದಲೇ ಗ್ರೂಪ್ ಬೈ ಮಾಡಿ (ಗುಂಪಿಗೆ ಒಂದೇ ಸಾಲಾಗುವಂತೆ ಕೂಡಿಸಿ) ಚಿಕ್ಕದು ಮಾಡಿಕೊಂಡು ಆಮೇಲೆ ಸೇರಿಸಬೇಕು.

ಅಂದರೆ ಹಾಲನ್ನು ಸದಸ್ಯರ ನಂಬರ್, ಬಟವಾಡೆ ನಂಬರ್ ಎರಡರ ಮೇಲೂ ಗ್ರೂಪ್ ಬೈ ಮಾಡಿ ಒಂದು ಸಬ್‌ಕ್ವೆರಿ (ಕ್ವೆರಿಯೊಳಗಿನ ಕ್ವೆರಿ), ಕಡಿತಕ್ಕೂ ಹಾಗೆಯೇ ಇನ್ನೊಂದು. ಇವೆರಡನ್ನೂ ಸದಸ್ಯರ ಜೊತೆ ಜೋಡಿಸಿ. ಮೈಎಸ್‌ಕ್ಯೂಎಲ್ 5.7.7ಕ್ಕಿಂತ ಹಳೆಯದಾದರೆ ವ್ಯೂ ಒಳಗೆ ಫ್ರಮ್ ಭಾಗದಲ್ಲಿ ಸಬ್‌ಕ್ವೆರಿ ಇಡಲು ಬಿಡುವುದಿಲ್ಲ, 1349 ನಂಬರಿನ ಎರರ್ ಬರುತ್ತದೆ. ಅಲ್ಲಿ ಹಾಲಿಗೊಂದು, ಕಡಿತಕ್ಕೊಂದು ಚಿಕ್ಕ ವ್ಯೂ ಮಾಡಿ, ಅವುಗಳ ಮೇಲೆ ಮೂರನೆಯದನ್ನು ಕಟ್ಟಿ.

ಇಲ್ಲಿ ಇನ್ನೊಂದು ತೊಡಕಿದೆ. ಹಸು ಬತ್ತಿ ಆ ಹದಿನೈದು ದಿನ ಹಾಲೇ ಹಾಕದ ಸದಸ್ಯರಿಗೂ ಸಾಲದ ಕಂತು ಇರುತ್ತದೆ. ಹಾಲಿಗೆ ಕಡಿತವನ್ನು ಲೆಫ್ಟ್ ಜಾಯಿನ್ ಮಾಡಿದರೆ ಅವರು ಪಟ್ಟಿಯಿಂದಲೇ ಬಿಟ್ಟುಹೋಗುತ್ತಾರೆ. ಮೈಎಸ್‌ಕ್ಯೂಎಲ್‌ನಲ್ಲಿ ಎರಡೂ ಕಡೆಯ ಸಾಲು ಉಳಿಸುವ ಫುಲ್ ಔಟರ್ ಜಾಯಿನ್ ಇಲ್ಲ. ಹಾಗಾಗಿ ‘ಬಟವಾಡೆ’ ಅನ್ನುವ ಟೇಬಲ್ ಇಟ್ಟುಕೊಂಡು, ಅವಧಿಗೆ ಒಂದು ಸಾಲಿನಂತೆ ಶುರುವಿನ ದಿನ, ಕೊನೆಯ ದಿನ ಬರೆದಿಡಿ. ಸದಸ್ಯರನ್ನೂ ಬಟವಾಡೆಯನ್ನೂ ಕ್ರಾಸ್ ಜಾಯಿನ್ ಮಾಡಿ (ಪ್ರತಿ ಸದಸ್ಯರಿಗೂ ಪ್ರತಿ ಬಟವಾಡೆಯನ್ನು ಜೋಡಿಸಿ), ಅದಕ್ಕೆ ಹಾಲಿನ ಮೊತ್ತ, ಕಡಿತದ ಮೊತ್ತ ಎರಡನ್ನೂ ಲೆಫ್ಟ್ ಜಾಯಿನ್ ಮಾಡಿ. ಸಾಲಿನ ಸಂಖ್ಯೆ ಆಗ ಸದಸ್ಯರ ಸಂಖ್ಯೆಯನ್ನು ಬಟವಾಡೆಗಳ ಸಂಖ್ಯೆಯಿಂದ ಗುಣಿಸಿದಷ್ಟೇ ಇರಬೇಕು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಕಡಿತ ಇಲ್ಲದವರಿಗೆ ಆ ಕಾಲಂ ನಲ್ (ಏನೂ ತುಂಬಿಲ್ಲದ್ದು) ಆಗಿರುತ್ತದೆ. 5,250ರಲ್ಲಿ ನಲ್ ಕಳೆದರೆ ಬರುವುದು 5,250 ಅಲ್ಲ, ನಲ್. ಎರಡೂ ಮೊತ್ತಕ್ಕೆ ಕೋಅಲೆಸ್ ಹಾಕಿ ಸೊನ್ನೆ ಮಾಡಿಕೊಳ್ಳಿ. ದುಡ್ಡಿನ ಕಾಲಂ ಫ್ಲೋಟ್ ಆಗಿದ್ದರೆ ಈಗಲೇ ಡೆಸಿಮಲ್‌ಗೆ ಬದಲಿಸಿ, ಇಲ್ಲದಿದ್ದರೆ ಪೈಸೆಗಳಲ್ಲಿ ವ್ಯತ್ಯಾಸ ಬರುತ್ತಲೇ ಇರುತ್ತದೆ. ಕೊನೆಗೆ ವ್ಯೂನಲ್ಲಿರುವ ಹಾಲಿನ ಒಟ್ಟು ಮೊತ್ತವನ್ನು ‘ಹಾಲು’ ಟೇಬಲ್‌ನ ಒಟ್ಟು ಮೊತ್ತದ ಜೊತೆ ತಾಳೆ ನೋಡಿ. ಪೈಸೆಗೆ ಪೈಸೆ ಕೂಡುವವರೆಗೆ ಬಟವಾಡೆ ಪಟ್ಟಿ ಪ್ರಿಂಟ್ ತೆಗೆಯಬೇಡಿ.

ಪ್ರಶ್ನೆ: ಒಪ್ಪಿಗೆ ಮಾಡಿಕೊಂಡ ಎಲ್ಲಾ ಕಬ್ಬು ಬೆಳೆಗಾರರೂ ಪಟ್ಟಿಯಲ್ಲಿ ಬರಬೇಕು, ಕಬ್ಬು ಕಳಿಸದವರ ಮುಂದೆ ಖಾಲಿ ಇರಬೇಕು. ಲೆಫ್ಟ್ ಜಾಯಿನ್ ಹಾಕಿದ್ದರೂ ತೂಕದ ಚೀಟಿ ಇರುವವರು ಮಾತ್ರ ಬರುತ್ತಿದ್ದಾರೆ.
— ಓದುಗರು, ಪಾಂಡವಪುರ

ಉತ್ತರ: ನೀವು ಕಳಿಸಿದ ವ್ಯೂನ ಕೊನೆಯಲ್ಲಿ ವೇರ್ (ಸಾಲು ಸೋಸುವ ಷರತ್ತು) ಭಾಗದಲ್ಲಿ ತೂಕದ ಚೀಟಿಯ ಹಂಗಾಮು ಇಂಥದ್ದೇ ಇರಬೇಕು ಎಂದು ಬರೆದಿದ್ದೀರಿ. ಚೀಟಿ ಇಲ್ಲದ ಬೆಳೆಗಾರರ ಸಾಲಿನಲ್ಲಿ ಹಂಗಾಮು ನಲ್. ನಲ್ ಯಾವುದಕ್ಕೂ ಸಮ ಅಲ್ಲ, ಆ ಸಾಲು ಅಲ್ಲೇ ಬಿದ್ದುಹೋಯಿತು. ಹೆಸರಿಗೆ ಲೆಫ್ಟ್ ಜಾಯಿನ್, ಕೆಲಸ ಮಾತ್ರ ಎರಡೂ ಕಡೆ ಹೊಂದುವ ಸಾಲನ್ನಷ್ಟೇ ಉಳಿಸುವ ಇನ್ನರ್ ಜಾಯಿನ್‌ದು. ಆ ಷರತ್ತನ್ನು ವೇರ್‌ನಿಂದ ತೆಗೆದು, ಜಾಯಿನ್‌ನ ಆನ್ ಭಾಗದಲ್ಲಿ ಬೆಳೆಗಾರರ ನಂಬರಿನ ಪಕ್ಕದಲ್ಲೇ ‘ಆಂಡ್’ ಹಾಕಿ ಸೇರಿಸಿ. ಎಡಗಡೆಯ ಟೇಬಲ್‌ನ ಷರತ್ತುಗಳು, ಉದಾಹರಣೆಗೆ ತಾಲ್ಲೂಕು ಪಾಂಡವಪುರ ಅನ್ನುವುದು, ವೇರ್‌ನಲ್ಲೇ ಇರಲಿ.

ಇದನ್ನು ಸರಿ ಮಾಡಿದ ಮೇಲೂ ಪಟ್ಟಿ ಪೂರ್ತಿಯಾಗುವುದಿಲ್ಲ, ಯಾಕೆಂದರೆ ಚೀಟಿ ಟೇಬಲ್ ಆದ ಮೇಲೆ ಲಾರಿ ಟೇಬಲನ್ನು ಇನ್ನರ್ ಜಾಯಿನ್ ಮಾಡಿದ್ದೀರಿ. ಚೀಟಿ ಇಲ್ಲದವರಿಗೆ ಲಾರಿ ನಂಬರ್ ಎಲ್ಲಿಂದ ಬರಬೇಕು? ಒಮ್ಮೆ ಲೆಫ್ಟ್ ಜಾಯಿನ್ ಮಾಡಿದ ಟೇಬಲ್‌ನ ಕಾಲಂ ಹಿಡಿದು ಮುಂದೆ ಜೋಡಿಸುವ ಎಲ್ಲ ಟೇಬಲ್‌ಗಳೂ ಲೆಫ್ಟ್ ಜಾಯಿನ್‌ನಲ್ಲೇ ಬರಬೇಕು.

ಎಷ್ಟು ಲೋಡ್ ಬಂತು ಎಂದು ಎಣಿಸಲು ಕೌಂಟ್ ಒಳಗೆ ನಕ್ಷತ್ರ (*) ಹಾಕಿದರೆ ಕಬ್ಬು ಕಳಿಸದವರಿಗೂ 1 ಬರುತ್ತದೆ. ಕೌಂಟ್ ಒಳಗೆ ಚೀಟಿ ನಂಬರಿನ ಕಾಲಂ ಕೊಡಿ, 0 ಬರುತ್ತದೆ. ಕಳಿಸದವರ ಪಟ್ಟಿ ಮಾತ್ರ ಬೇಕಾದಾಗ ‘ನಾಟ್ ಇನ್’ ಬಳಸಬೇಡಿ. ಚೀಟಿ ಟೇಬಲ್‌ನಲ್ಲಿ ಬೆಳೆಗಾರರ ನಂಬರ್ ಒಂದೇ ಒಂದು ಕಡೆ ನಲ್ ಆಗಿದ್ದರೂ ಇಡೀ ಪಟ್ಟಿ ಖಾಲಿ ಬರುತ್ತದೆ. ‘ನಾಟ್ ಎಕ್ಸಿಸ್ಟ್ಸ್’ಗೆ ಈ ದೋಷ ಇಲ್ಲ.

ಪ್ರಶ್ನೆ: ಜಿಎಸ್‌ಟಿ ದರ ಬದಲಾದ ಮೇಲೆ ಹೊಸ ದರ ಸೇರಿಸಿದೆವು. ಈಗ ಬಿಲ್ ವ್ಯೂನಲ್ಲಿ ಒಂದೇ ಐಟಂ ಎರಡು ಸಲ ಬರುತ್ತಿದೆ.
— ಅಂಗಡಿ ಲೆಕ್ಕ ನೋಡಿಕೊಳ್ಳುವವರು, ಮೈಸೂರು

ಉತ್ತರ: ಸರಕಿನ ಕೋಡ್ ಒಂದನ್ನೇ ಹಿಡಿದು ಜೋಡಿಸಿದ್ದೀರಿ, ಹಳೆ ದರವೂ ಹೊಸ ದರವೂ ಎರಡೂ ಹೊಂದುತ್ತಿವೆ. ದರದ ಟೇಬಲ್‌ನಲ್ಲಿ ‘ಇಂದ’, ‘ವರೆಗೆ’ ಎಂದು ಎರಡು ದಿನಾಂಕ ಇಡಿ; ಹಳೆ ದರದ ‘ವರೆಗೆ’ಯಲ್ಲಿ ಹೊಸ ದರ ಶುರುವಾಗುವ ದಿನವನ್ನೇ ಬರೆಯಿರಿ. ಬಿಲ್ ದಿನಾಂಕ ‘ಇಂದ’ಕ್ಕೆ ಸಮ ಅಥವಾ ಅದಕ್ಕಿಂತ ಮುಂದೆ ಇರಬೇಕು, ‘ವರೆಗೆ’ಗಿಂತ ಹಿಂದೆ ಇರಬೇಕು. ಎರಡು ಕಡೆಯೂ ‘ಸಮ’ ಸೇರಿಸಿದರೆ ದರ ಬದಲಾದ ದಿನದ ಬಿಲ್‌ಗಳು ಮಾತ್ರ ಮತ್ತೆ ಎರಡೆರಡಾಗುತ್ತವೆ. ಬಿಟ್ವೀನ್ ಬಳಸಿದರೂ ಅದೇ ಕಥೆ. ಈಗ ನಡೆಯುತ್ತಿರುವ ದರಕ್ಕೆ ‘ವರೆಗೆ’ ಖಾಲಿ ಬಿಡುವುದಾದರೆ ನಲ್ ಇದ್ದರೂ ಸರಿ ಎಂದು ಷರತ್ತಿನಲ್ಲಿ ಬರೆಯಬೇಕು, ಇಲ್ಲದಿದ್ದರೆ ಹೊಸ ಬಿಲ್‌ಗಳು ಯಾವ ದರಕ್ಕೂ ಹೊಂದುವುದಿಲ್ಲ.

ಪ್ರಶ್ನೆ: ಎರಡು ಟೇಬಲ್‌ನಲ್ಲೂ ಊರಿನ ಹೆಸರು ಒಂದೇ ಥರ ಕಾಣುತ್ತದೆ, ಆದರೂ ಜಾಯಿನ್ ಆಗುವುದಿಲ್ಲ. ಊರಿನ ಕೋಡ್ ಮೇಲೆ ಜೋಡಿಸಿದರೂ ಅರ್ಧ ಊರುಗಳೇ ಬರುತ್ತವೆ.
— ಓದುಗರು, ಶ್ರೀರಂಗಪಟ್ಟಣ

ಉತ್ತರ: ಕೋಡ್‌ನಿಂದ ಶುರು ಮಾಡೋಣ. 017 ಎಂದು ಇದ್ದದ್ದು ಎಕ್ಸೆಲ್‌ನಲ್ಲಿ ಒಮ್ಮೆ ತೆರೆದು ಉಳಿಸಿದರೆ 17 ಆಗುತ್ತದೆ. ಒಂದು ಟೇಬಲ್‌ನಲ್ಲಿ ಸೊನ್ನೆ ಇದೆ, ಇನ್ನೊಂದರಲ್ಲಿ ಹೋಗಿದೆ. ಎರಡೂ ಅಕ್ಷರದ ಕಾಲಂ ಆದ್ದರಿಂದ ಹೊಂದುವುದಿಲ್ಲ. ಸೊನ್ನೆಯಿಂದ ಶುರುವಾಗುವ ಕೋಡ್ ಇರುವ ಊರುಗಳೇ ಬಿಟ್ಟುಹೋಗಿವೆಯೇ ನೋಡಿ. ಹೌದಾದರೆ ‘ಎಲ್‌ಪ್ಯಾಡ್’ ಬಳಸಿ ಮೂರು ಅಂಕಿಗೆ ತುಂಬಿಸಿ, ಟೇಬಲ್‌ನಲ್ಲೇ ಸರಿ ಮಾಡಿ. ಜಾಯಿನ್ ಒಳಗೆ ಎಲ್‌ಪ್ಯಾಡ್ ಬರೆದರೆ ಆ ಕಾಲಂನ ಇಂಡೆಕ್ಸ್ (ಬೇಗ ಹುಡುಕಲು ಇಟ್ಟ ಸೂಚಿ) ಕೆಲಸಕ್ಕೆ ಬರುವುದಿಲ್ಲ. ಒಂದು ಕಡೆ ಇಂಟ್ (ಸಂಖ್ಯೆ), ಇನ್ನೊಂದು ಕಡೆ ವಾರ್‌ಚಾರ್ (ಅಕ್ಷರ) ಇದ್ದರೆ ಮೈಎಸ್‌ಕ್ಯೂಎಲ್ ಸದ್ದಿಲ್ಲದೆ ಎರಡನ್ನೂ ಸಂಖ್ಯೆ ಮಾಡಿ ಹೋಲಿಸುತ್ತದೆ. ಪೋಸ್ಟ್‌ಗ್ರೆಸ್ ಅಂಥ ಹೋಲಿಕೆಗೆ ಒಪ್ಪದೆ ಎರರ್ ಕೊಟ್ಟು ನಿಲ್ಲುತ್ತದೆ. ಪೋಸ್ಟ್‌ಗ್ರೆಸ್‌ನ ರೀತಿಯೇ ಒಳ್ಳೆಯದು, ತಪ್ಪು ಮೊದಲ ದಿನವೇ ಗೊತ್ತಾಗುತ್ತದೆ.

ಇನ್ನು ಹೆಸರು. ಕಣ್ಣಿಗೆ ಒಂದೇ ಥರ ಕಂಡರೂ ಒಳಗೆ ಬೇರೆ ಇದೆಯೇ ಎಂದು ಬೈಟ್ ಎಣಿಸಿ ತಿಳಿಯಬಹುದು. ಯೂನಿಕೋಡ್ ಕನ್ನಡದ ಒಂದೊಂದು ಸಂಕೇತವೂ ಯುಟಿಎಫ್-8ರಲ್ಲಿ 3 ಬೈಟ್. ‘ಮಂಡ್ಯ’ದಲ್ಲಿ ಮ, ಸೊನ್ನೆ, ಡ, ವಿರಾಮ (ಒತ್ತಕ್ಷರ ಮಾಡುವ ಗುರುತು), ಯ ಎಂದು 5 ಸಂಕೇತ, 15 ಬೈಟ್. ಮೈಎಸ್‌ಕ್ಯೂಎಲ್‌ನ ‘ಲೆಂಗ್ತ್’ ಬೈಟ್ ಎಣಿಸುತ್ತದೆ, ‘ಚಾರ್ ಲೆಂಗ್ತ್’ ಸಂಕೇತ ಎಣಿಸುತ್ತದೆ. ಪೋಸ್ಟ್‌ಗ್ರೆಸ್‌ನ ‘ಲೆಂಗ್ತ್’ ಎಣಿಸುವುದು ಸಂಕೇತವನ್ನು. ಬೈಟ್‌ಗೆ ಅಲ್ಲಿ ‘ಆಕ್ಟೆಟ್ ಲೆಂಗ್ತ್’. ‘ಮಂಡ್ಯ’ಕ್ಕೆ 16 ಬಂದರೆ ಕೊನೆಗೊಂದು ಸ್ಪೇಸ್ ಅಥವಾ ಟ್ಯಾಬ್ ಇದೆ. 17 ಬಂದರೆ ವೆಬ್ ಪುಟದಿಂದ ಕಾಪಿ ಮಾಡಿದಾಗ ಬರುವ ಮುರಿಯದ ಸ್ಪೇಸ್ ಇರಬಹುದು, ಅದು 2 ಬೈಟ್. 18 ಬಂದರೆ ಕಣ್ಣಿಗೆ ಕಾಣದ ಜೀರೋ ವಿಡ್ತ್ ಸಂಕೇತ ನುಸುಳಿರುವ ಸಾಧ್ಯತೆ ಹೆಚ್ಚು. ‘ಟ್ರಿಮ್’ ತೆಗೆಯುವುದು ಮಾಮೂಲಿ ಸ್ಪೇಸ್ ಮಾತ್ರ. ಉಳಿದದ್ದನ್ನು ‘ಹೆಕ್ಸ್’ ಹಾಕಿ ನೋಡಿ, ‘ರಿಪ್ಲೇಸ್’ನಿಂದ ತೆಗೆಯಬೇಕು.

‘ಮೈಸೂರು’ ಸಾಮಾನ್ಯವಾಗಿ 6 ಸಂಕೇತ, 18 ಬೈಟ್. ಆದರೆ ‘ಐ’ತ್ವವನ್ನು ಎರಡು ತುಂಡಾಗಿ ಬರೆಯಲೂ ಯೂನಿಕೋಡ್‌ನಲ್ಲಿ ಅವಕಾಶ ಇದೆ; ಆಗ 7 ಸಂಕೇತ, 21 ಬೈಟ್. ಪರದೆಯ ಮೇಲೆ ಎರಡೂ ಒಂದೇ. ಪೋಸ್ಟ್‌ಗ್ರೆಸ್ 13ರಿಂದ ‘ನಾರ್ಮಲೈಸ್’ ಫಂಕ್ಷನ್ ಇದೆ, ಅದು ಎರಡನ್ನೂ ಒಂದೇ ರೂಪಕ್ಕೆ ತರುತ್ತದೆ. ಯಾವುದೋ ಟೇಬಲ್‌ಗೆ ನುಡಿ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಹೆಸರು ತುಂಬಿದ್ದರೆ ಮೊದಲು ಯೂನಿಕೋಡ್‌ಗೆ ಬದಲಿಸದೆ ಬೇರೆ ದಾರಿಯಿಲ್ಲ.

ಸರ್ವರ್ ಈಚೆಗೆ ಮೈಎಸ್‌ಕ್ಯೂಎಲ್ 8ಕ್ಕೆ ಬಂದಿದ್ದರೆ ಇನ್ನೆರಡು ನೋಡಿಕೊಳ್ಳಿ. ಹಳೆಯ ಟೇಬಲ್‌ನ ಕೊಲೇಶನ್ (ಅಕ್ಷರ ಹೋಲಿಸುವ ನಿಯಮ) ‘ಜನರಲ್ ಸಿಐ’, ಹೊಸದರದು ‘0900 ಎಐ ಸಿಐ’ ಆಗಿ ಉಳಿದರೆ ಎರಡು ಕಾಲಂ ಹೋಲಿಸುವಾಗ 1267 ಎರರ್ ಬರುತ್ತದೆ. ಎಲ್ಲವನ್ನೂ ಹೊಸದಕ್ಕೆ ಬದಲಿಸಿದರೆ ಆ ಎರರ್ ಹೋಗುತ್ತದೆ, ಆದರೆ ಹಳೆಯ ಕೊಲೇಶನ್ ಕೊನೆಯ ಸ್ಪೇಸನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ, ಹೊಸದು ತೆಗೆದುಕೊಳ್ಳುತ್ತದೆ. ನಿನ್ನೆ ಹೊಂದುತ್ತಿದ್ದ ಊರು ಇವತ್ತು ಹೊಂದದಿರಲು ಇಷ್ಟೇ ಸಾಕು. ಹೆಸರಿನ ಮೇಲೆ ಜೋಡಿಸುವುದನ್ನೇ ಬಿಟ್ಟು, ಕೋಡ್ ಶುದ್ಧ ಮಾಡಿಕೊಂಡು, ಫಾರಿನ್ ಕೀ (ಇನ್ನೊಂದು ಟೇಬಲ್‌ನಲ್ಲಿ ಇರುವ ಕೋಡ್ ಮಾತ್ರ ತುಂಬಲು ಬಿಡುವ ಕಟ್ಟು) ಹಾಕಿ. ಒಂದೇ ಹೆಸರಿನ ಊರುಗಳು ನಮ್ಮ ಕಡೆ ಕಡಿಮೆಯೇನೂ ಇಲ್ಲ.

ಪ್ರಶ್ನೆ: ಕಾಲೇಜಿನ ಡೇಟಾಬೇಸನ್ನು ಹೊಸ ಸರ್ವರ್‌ಗೆ ರಿಸ್ಟೋರ್ ಮಾಡಿದೆವು. ಟೇಬಲ್‌ಗಳೆಲ್ಲ ತೆರೆಯುತ್ತವೆ, ವ್ಯೂ ಮಾತ್ರ 1449 ಎರರ್ ಕೊಡುತ್ತದೆ. ಇನ್ನೊಂದು ವ್ಯೂ 1356 ಅನ್ನುತ್ತದೆ.
— ಲ್ಯಾಬ್ ಸಹಾಯಕರು, ಮೈಸೂರು

ಉತ್ತರ: 1449 ಅಂದರೆ ವ್ಯೂನ ಡಿಫೈನರ್ (ಅದನ್ನು ಮಾಡಿದವರೆಂದು ದಾಖಲಾದವರು) ಆಗಿದ್ದ ಯೂಸರ್ ಹೊಸ ಸರ್ವರ್‌ನಲ್ಲಿ ಇಲ್ಲ. ಬ್ಯಾಕಪ್ ಫೈಲ್‌ನಲ್ಲಿ ಹಳೆಯ ಯೂಸರ್ ಹೆಸರು, ಹೋಸ್ಟ್ ಎರಡೂ ಹಾಗೇ ಬಂದಿರುತ್ತವೆ. ಇನ್ಫರ್ಮೇಶನ್ ಸ್ಕೀಮಾದ ‘ವ್ಯೂಸ್’ ಟೇಬಲ್‌ನಲ್ಲಿ ಡಿಫೈನರ್ ಕಾಲಂ ನೋಡಿ. ಆ ಯೂಸರನ್ನು ಮತ್ತೆ ಸೃಷ್ಟಿಸಿ ಟೇಬಲ್‌ಗಳ ಮೇಲೆ ಸೆಲೆಕ್ಟ್ ಹಕ್ಕು ಕೊಡಬಹುದು, ಅಥವಾ ‘ಶೋ ಕ್ರಿಯೇಟ್ ವ್ಯೂ’ ಹಾಕಿ ಬಂದ ಪಠ್ಯದಲ್ಲಿ ಡಿಫೈನರ್ ಬದಲಿಸಿ ವ್ಯೂವನ್ನು ಮತ್ತೆ ಮಾಡಬಹುದು. ಎರಡನೆಯದೇ ಮೇಲು. ವ್ಯೂಗಳಿಗೆಂದೇ ಒಂದು ಯೂಸರ್ ಇಟ್ಟುಕೊಳ್ಳಿ; ರೂಟ್ ಹೆಸರಿನಲ್ಲಾಗಲಿ, ಕೆಲಸ ಬಿಟ್ಟುಹೋಗಬಹುದಾದ ಸಿಬ್ಬಂದಿಯ ಹೆಸರಿನಲ್ಲಾಗಲಿ ವ್ಯೂ ಇರಬಾರದು.

1356 ಸಂದೇಶದಲ್ಲಿ ಹಲವು ಕಾರಣ ಒಟ್ಟಿಗೆ ಸೇರಿವೆ: ಟೇಬಲ್ ಇಲ್ಲ, ಕಾಲಂ ಇಲ್ಲ, ಫಂಕ್ಷನ್ ಇಲ್ಲ, ಇಲ್ಲವೇ ಹಕ್ಕಿಲ್ಲ. ವ್ಯೂ ಒಳಗಿನ ಸೆಲೆಕ್ಟ್ ಭಾಗವನ್ನು ಮಾತ್ರ ತೆಗೆದು ನೇರವಾಗಿ ಓಡಿಸಿ, ಯಾವುದು ಎಂದು ಹೆಸರು ಹಿಡಿದು ಹೇಳುತ್ತದೆ. ವ್ಯೂ ಒಳಗೆ ವ್ಯೂ ಇದ್ದರೆ ಒಳಗಿನದರಿಂದ ಶುರು ಮಾಡಿ. ಎಲ್ಲ ವ್ಯೂಗಳನ್ನೂ ಒಮ್ಮೆ ಪರೀಕ್ಷಿಸಲು ‘ಚೆಕ್ ಟೇಬಲ್’ ವ್ಯೂಗಳ ಮೇಲೂ ನಡೆಯುತ್ತದೆ.

ಪ್ರಶ್ನೆ: ಆರು ಟೇಬಲ್‌ನ ಬಿಲ್ ವ್ಯೂ ಮೊದಲು ತಟ್ಟನೆ ಬರುತ್ತಿತ್ತು, ಈಗ ನಿಮಿಷಗಟ್ಟಲೆ ಕಾಯಬೇಕು. ಒಂದೇ ದಿನದ ಬಿಲ್ ಕೇಳಿದರೂ ಅಷ್ಟೇ ಹೊತ್ತು.
— ರೇಷ್ಮೆ ಸೀರೆ ಅಂಗಡಿಯವರು, ಮೈಸೂರು

ಉತ್ತರ: ವ್ಯೂನಲ್ಲಿ ಡೇಟಾ ಇರುವುದಿಲ್ಲ, ಕೇಳಿದಾಗಲೆಲ್ಲ ಒಳಗಿನ ಕ್ವೆರಿ ಮತ್ತೆ ಓಡುತ್ತದೆ. ನಿಮ್ಮ ವ್ಯೂನಲ್ಲಿ ಗ್ರೂಪ್ ಬೈ ಇದೆ. ಗ್ರೂಪ್ ಬೈ, ಡಿಸ್ಟಿಂಕ್ಟ್, ಯೂನಿಯನ್, ಲಿಮಿಟ್ ಇದ್ದರೆ ಮೈಎಸ್‌ಕ್ಯೂಎಲ್ ಆ ವ್ಯೂವನ್ನು ಹೊರಗಿನ ಕ್ವೆರಿಯ ಜೊತೆ ಬೆರೆಸಲಾರದು. ಇಷ್ಟೂ ವರ್ಷದ ಬಿಲ್‌ಗಳನ್ನು ಕೂಡಿ ತಾತ್ಕಾಲಿಕ ಟೇಬಲ್‌ಗೆ ತುಂಬಿ, ಆಮೇಲೆ ನಿಮ್ಮ ಒಂದು ದಿನವನ್ನು ಅದರಲ್ಲಿ ಹುಡುಕುತ್ತದೆ. 8.0.22ರಿಂದ ಈಚೆಗೆ ಹೊರಗಿನ ಷರತ್ತನ್ನು ಒಳಕ್ಕೆ ಇಳಿಸುವ ಸೌಲಭ್ಯ ಬಂದಿದೆ. ಆದರೆ ದಿನಾಂಕ ಗ್ರೂಪ್ ಬೈ ಕಾಲಂಗಳಲ್ಲಿ ಇಲ್ಲದಿದ್ದರೆ, ಗ್ರೂಪ್ ಆಗುವ ಮೊದಲು ಸಾಲುಗಳನ್ನು ಸೋಸಲು ಅದಕ್ಕೂ ಆಗುವುದಿಲ್ಲ. ಸರ್ವರ್ ಆವೃತ್ತಿ ಹಳೆಯದಾದರೆ ಆ ವರದಿಗೆ ವ್ಯೂ ಬಿಟ್ಟು ಸ್ಟೋರ್ಡ್ ಪ್ರೊಸೀಜರ್ (ಸರ್ವರ್‌ನಲ್ಲೇ ಉಳಿಸಿಟ್ಟ ಕಮಾಂಡ್‌ಗಳ ಗುಂಪು) ಬರೆದು ದಿನಾಂಕವನ್ನು ಒಳಗೇ ಕೊಡಿ.

‘ಎಕ್ಸ್‌ಪ್ಲೇನ್’ ಹಾಕಿ ನೋಡಿ. ಟೈಪ್ ಕಾಲಂನಲ್ಲಿ ‘ಆಲ್’, ಕೀ ಕಾಲಂನಲ್ಲಿ ನಲ್, ರೋಸ್ ಕಾಲಂನಲ್ಲಿ ಲಕ್ಷಗಳು ಕಂಡ ಸಾಲೇ ಹೊತ್ತು ತಿನ್ನುತ್ತಿರುವುದು. 8.0.18ರಿಂದ ‘ಎಕ್ಸ್‌ಪ್ಲೇನ್ ಅನಲೈಸ್’ ಕೂಡ ಇದೆ, ಅದು ಕ್ವೆರಿಯನ್ನು ನಿಜವಾಗಿ ಓಡಿಸಿ ಪ್ರತಿ ಹಂತದ ಸಮಯ ತೋರಿಸುತ್ತದೆ. ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿ ಟೇಬಲ್‌ಗಳಲ್ಲಿ ಫಾರಿನ್ ಕೀ ಕೊಟ್ಟರೆ ಇಂಡೆಕ್ಸ್ ತಾನಾಗಿ ಆಗುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಆಗುವುದಿಲ್ಲ, ನೀವೇ ಮಾಡಬೇಕು. ಅಲ್ಲಿನ ನಿಧಾನಕ್ಕೆ ಬಹಳ ಸಲ ಇದೇ ಕಾರಣ.

ದಿನಾಂಕದ ಷರತ್ತನ್ನು ‘ಡೇಟ್’ ಫಂಕ್ಷನ್ ಒಳಗೆ ಬಿಲ್ ಸಮಯ ಹಾಕಿ ಬರೆದಿದ್ದೀರಿ. ಹಾಗೆ ಬರೆದರೆ ಬಿಲ್ ಸಮಯದ ಇಂಡೆಕ್ಸ್ ಉಪಯೋಗಕ್ಕೆ ಬಾರದು. ಬಿಲ್ ಸಮಯ ಈ ದಿನ ಶುರುವಾದ ಮೇಲೆ, ಮಾರನೆಯ ದಿನ ಶುರುವಾಗುವ ಮೊದಲು ಎಂದು ಎರಡು ಷರತ್ತಾಗಿ ಬರೆಯಿರಿ. ವರದಿಗೆ ಬೇಡದ ಸಿಬ್ಬಂದಿ ಟೇಬಲ್ ಕೂಡ ವ್ಯೂನಲ್ಲಿದೆ, ಅದನ್ನು ತೆಗೆಯಿರಿ.

ಟೇಬಲ್ ಸಂಖ್ಯೆಗೂ ಮಿತಿ ಇದೆ. ಮೈಎಸ್‌ಕ್ಯೂಎಲ್ ಒಂದು ಜಾಯಿನ್‌ನಲ್ಲಿ 61 ಟೇಬಲ್ ಮೀರಲು ಬಿಡುವುದಿಲ್ಲ, ಒಳಗಿನ ವ್ಯೂಗಳ ಟೇಬಲ್‌ಗಳೂ ಆ ಲೆಕ್ಕಕ್ಕೆ ಸೇರಬಹುದು. ಪೋಸ್ಟ್‌ಗ್ರೆಸ್‌ನಲ್ಲಿ ‘ಜಾಯಿನ್ ಕೊಲ್ಯಾಪ್ಸ್ ಲಿಮಿಟ್’ ಸಾಮಾನ್ಯವಾಗಿ 8. ಅದು ದಾಟಿದರೆ ಜೋಡಿಸುವ ಕ್ರಮವನ್ನು ಬಹುಮಟ್ಟಿಗೆ ನೀವು ಬರೆದಂತೆಯೇ ಉಳಿಸಿಕೊಳ್ಳುತ್ತದೆ, ಹಾಗಾಗಿ ಸಾಲುಗಳನ್ನು ಹೆಚ್ಚು ಕಡಿಮೆ ಮಾಡುವ ಟೇಬಲನ್ನು ಮೊದಲು ಬರೆಯಿರಿ. ತಿಂಗಳ ವರದಿಯಂಥದ್ದಕ್ಕೆ ಪೋಸ್ಟ್‌ಗ್ರೆಸ್‌ನಲ್ಲಿ ಫಲಿತಾಂಶವನ್ನು ಉಳಿಸಿಡುವ ಮೆಟೀರಿಯಲೈಸ್ಡ್ ವ್ಯೂ ಇದೆ. ನೋಡುವವರಿಗೆ ತಡೆಯಾಗದಂತೆ ‘ಕನ್‌ಕರೆಂಟ್ಲಿ’ ರಿಫ್ರೆಶ್ ಮಾಡಬೇಕಾದರೆ ಅದರ ಮೇಲೆ ಯೂನಿಕ್ ಇಂಡೆಕ್ಸ್ ಇರಲೇಬೇಕು. ಮೈಎಸ್‌ಕ್ಯೂಎಲ್‌ನಲ್ಲಿ ಅದಿಲ್ಲ, ರಾತ್ರಿ ಒಂದು ಈವೆಂಟ್ (ನಿಗದಿತ ಹೊತ್ತಿಗೆ ತಾನಾಗಿ ನಡೆಯುವ ಕೆಲಸ) ಓಡಿಸಿ ಮೊತ್ತಗಳನ್ನು ಮಾಮೂಲಿ ಟೇಬಲ್‌ಗೆ ತುಂಬಿಡಿ.

ಚುಟುಕು ಪ್ರಶ್ನೆಗಳು

*ಟೇಬಲ್‌ಗೆ ಫೋನ್ ನಂಬರಿನ ಕಾಲಂ ಸೇರಿಸಿದೆ. ವ್ಯೂನಲ್ಲಿ ಸೆಲೆಕ್ಟ್ ನಕ್ಷತ್ರ ಇದ್ದರೂ ಅದು ಬರುತ್ತಿಲ್ಲ.* — ಮಳವಳ್ಳಿ
ನಕ್ಷತ್ರ ಬಿಡಿಸಿಕೊಳ್ಳುವುದು ವ್ಯೂ ಮಾಡಿದ ಕ್ಷಣದಲ್ಲಿ, ಆಮೇಲೆ ಬಂದ ಕಾಲಂ ಅದಕ್ಕೆ ತಿಳಿಯದು. ಕಾಲಂ ಹೆಸರುಗಳನ್ನು ಬಿಡಿಸಿ ಬರೆದು ‘ಕ್ರಿಯೇಟ್ ಆರ್ ರಿಪ್ಲೇಸ್’ ಮಾಡಿ. ಪೋಸ್ಟ್‌ಗ್ರೆಸ್‌ನಲ್ಲಿ ಹೊಸ ಕಾಲಂ ಪಟ್ಟಿಯ ಕೊನೆಯಲ್ಲೇ ಬರಬೇಕು, ನಡುವೆ ಸೇರಿಸಿದರೆ ಎರರ್.

*ಎರಡು ಟೇಬಲ್ ಜೋಡಿಸಿ ವ್ಯೂ ಮಾಡಲು ಹೋದರೆ 1060, ಡುಪ್ಲಿಕೇಟ್ ಕಾಲಂ ಅನ್ನುತ್ತದೆ.* — ನಾಗಮಂಗಲ
ಎರಡರಲ್ಲೂ ‘ಐಡಿ’ ಇದೆ. ಒಂದಕ್ಕೆ ‘ಆಸ್’ ಹಾಕಿ ಸದಸ್ಯ ಐಡಿ, ಇನ್ನೊಂದಕ್ಕೆ ಬಿಲ್ ಐಡಿ ಎಂದು ಹೆಸರಿಡಿ.

*ವ್ಯೂ ಮೂಲಕವೇ ವಿಳಾಸ ತಿದ್ದಬಹುದೇ?* — ಕೆ.ಆರ್.ಪೇಟೆ
ಮೈಎಸ್‌ಕ್ಯೂಎಲ್‌ನಲ್ಲಿ ಇನ್ನರ್ ಜಾಯಿನ್‌ನ, ಗ್ರೂಪ್ ಬೈ ಇಲ್ಲದ ವ್ಯೂ ಆದರೆ ಒಂದು ಸಲಕ್ಕೆ ಒಂದು ಟೇಬಲ್‌ನ ಕಾಲಂಗಳನ್ನು ಅಪ್‌ಡೇಟ್ ಮಾಡಬಹುದು, ಡಿಲೀಟ್ ಮಾಡಲಾಗದು. ಪೋಸ್ಟ್‌ಗ್ರೆಸ್‌ನಲ್ಲಿ ಹಲವು ಟೇಬಲ್‌ನ ವ್ಯೂ ತಾನಾಗಿ ಅಪ್‌ಡೇಟ್ ಆಗುವುದಿಲ್ಲ, ‘ಇನ್‌ಸ್ಟೆಡ್ ಆಫ್’ ಟ್ರಿಗರ್ ಬರೆಯಬೇಕು. ವಿಳಾಸ ಸದಸ್ಯರ ಟೇಬಲ್‌ನಲ್ಲಿರುವುದರಿಂದ ನೇರವಾಗಿ ಅಲ್ಲೇ ತಿದ್ದುವುದು ಸುಲಭ. ವ್ಯೂನಲ್ಲಿ ಒಬ್ಬರು ಮೂವತ್ತು ಸಾಲಿನಲ್ಲಿ ಕಂಡರೆ ಒಂದನ್ನು ತಿದ್ದಿದಾಗ ಮೂವತ್ತೂ ಬದಲಾಗುತ್ತವೆ.